ಸಿ.ಎಲ್. ಹಾಕಿ ಶುಂಠಿ ಬಿಯರು

ಥಾಮಸ್ ಲೀಶ್‌ಮನ್ ಎಂಬ ಸ್ಕಾಟ್ಲೆಂಡಿನ ಮಹಾನುಭಾವ 1915ರಲ್ಲಿ ದಕ್ಷಿಣ ಭಾರತದ ಐದು ಬ್ರೂವರಿಗಳನ್ನು ಸೇರಿಸಿ ಯುನೈಟೆಡ್ ಬ್ರೂವರೀಸ್ ಕಟ್ಟಿದ. ನೂರು ವರ್ಷ ಕಳೆದ ಮೇಲೆ, ಹನುಮಂತನಗರದ ಒಂದು ಬಾಡಿಗೆ ಮನೆಯ ಮೊದಲ ಮಹಡಿಯಲ್ಲಿ ಅವನ ಪರಂಪರೆ ಮುಂದುವರಿಸಲು ನಾನು ಸಿ.ಎಲ್. ಹಾಕಿದೆ.

ಅಸಲಿ ಬಿಯರಿಗೆ 1965ರ ಕರ್ನಾಟಕ ಅಬಕಾರಿ ಕಾಯ್ದೆ ಅಡ್ಡ. ಲೈಸೆನ್ಸ್ ಇಲ್ಲದೆ ಮದ್ಯ ತಯಾರಿಸುವಂತಿಲ್ಲ. ಕಾಯ್ದೆ ವಿಧಾನಸೌಧದಲ್ಲಿದೆ, ಬಿಡಿ. ಅಮ್ಮ ಅಡುಗೆಮನೆಯಲ್ಲೇ ಇದ್ದಳು. ಹಾಗಾಗಿ ಶುಂಠಿ ಬಿಯರು. ಹೆಸರಿಗೆ ಗತ್ತು, ಒಳಗೆಲ್ಲ ಪಾನಕ.

ಶುಂಠಿಯ ಸಿಪ್ಪೆಯ ಮೇಲೆ ಯೀಸ್ಟ್ ತಾನಾಗಿಯೇ ಕೂತಿರುತ್ತದೆ. ತುರಿದು, ಸಕ್ಕರೆ ನೀರಿನ ಜಾಡಿಗೆ ಹಾಕಿ, ದಿನಾ ಇಷ್ಟಿಷ್ಟು ಶುಂಠಿ ಸಕ್ಕರೆ ಉಣಿಸುತ್ತಿದ್ದರೆ ನೊರೆ ಏಳುತ್ತದೆ. ಆದರೆ ಸಿಪ್ಪೆ ತೆಗೆಯಬಾರದು. “ಗಾಂಧಿ ಬಜಾರಿನ ಮಣ್ಣು ಸಮೇತ ಕುಡೀತೀಯೇನೋ?” ಎಂದಳು ಅಮ್ಮ. ನಲ್ಲಿ ನೀರಿನ ಕ್ಲೋರಿನ್ ಯೀಸ್ಟಿಗೆ ಆಗುವುದಿಲ್ಲವೆಂದು ಕಾವೇರಿಯನ್ನೂ ಕುದಿಸಿ ಆರಿಸಿ ಕೊಟ್ಟೆ. ನನಗೆ ಜ್ವರ ಬಂದಾಗಲೂ ಇಷ್ಟು ಉಪಚಾರ ನಡೆದಿರಲಿಲ್ಲ.

ರಜೆಯ ದಿನ ದೊಡ್ಡ ಪಾತ್ರೆಯಲ್ಲಿ ಶುಂಠಿ, ಸಕ್ಕರೆ ಕುದಿಸಿ, ಆರಿಸಿ, ನಿಂಬೆ ಹಿಂಡಿ, ಜಾಡಿಯ ನೊರೆನೀರು ಬೆರೆಸಿದೆ. ಅಲ್ಲಿಯವರೆಗೆ ಎಲ್ಲ ಸರಿ. ಬಾಟಲಿಯ ವಿಷಯದಲ್ಲಿ ಮಾತ್ರ ನನ್ನೊಳಗಿನ ವಿಜ್ಞಾನಿ ಎದ್ದು ಕೂತ. ಗ್ಯಾಸ್ ತಡೆಯುವ ಬಾಟಲಿ ಬೇಕು. ಗೋಲಿ ಸೋಡಾ ಬಾಟಲಿಗಿಂತ ಬೇಕೆ? ಸೋಡಾದವನನ್ನು ಕಾಡಿ ಬೇಡಿ ಒಂದು ಕ್ರೇಟ್ ಹಳೇ ಬಾಟಲಿ ತಂದೆ. ಹೈರಮ್ ಕಾಡ್ 1872ರಲ್ಲಿ ಪೇಟೆಂಟ್ ಮಾಡಿಸಿದ ಈ ಬಾಟಲಿಯಲ್ಲಿ, ಒಳಗಿನ ಗ್ಯಾಸೇ ಗೋಲಿಯನ್ನು ಕತ್ತಿನ ರಬ್ಬರಿಗೆ ಒತ್ತಿ ಬಾಯಿ ಮುಚ್ಚುತ್ತದೆ. ನನ್ನದರಲ್ಲಿ ಗ್ಯಾಸೇ ಇನ್ನೂ ಹುಟ್ಟಿರಲಿಲ್ಲವಲ್ಲ! ಗೋಲಿ ನಡುವೆಯೇ ಆರಾಮಾಗಿ ಮಲಗಿತ್ತು. ಬಾಟಲಿ ತಲೆಕೆಳಗು ಮಾಡಿದರೆ ಗೋಲಿ ಬಂದು ಬಾಯಿಗೆ ಕೂರುತ್ತದೆ. ಭೇಷ್! ಬಾಲ್ಕನಿಯ ಕ್ರೇಟಿನಲ್ಲಿ ಬಾಟಲಿಗಳು ಬಾವಲಿಗಳ ಹಾಗೆ ಜೋತುಬಿದ್ದವು.

ರಬ್ಬರ್ ಒಣಗಿ ಬಿರುಕು ಬಿಟ್ಟಿತ್ತು. ತೊಟ್, ತೊಟ್ ಎಂದು ಸಕ್ಕರೆ ನೀರು. ಮಾರನೆಯ ಬೆಳಿಗ್ಗೆ ಇರುವೆಗಳ ಸಾಲು ನಮ್ಮ ಬಾಲ್ಕನಿಯಿಂದ ಪೈಪ್ ಹಿಡಿದು ಇಳಿದು ಓನರ್ ಅಂಕಲ್ಲಿನ ದೇವರ ಮನೆಗೆ ಹೋಗಿತ್ತು.

“ಏನಪ್ಪಾ ಅದು, ಮೇಲ್ಗಡೆ?”

“ಬಿಯರು ಅಂಕಲ್... ಶುಂಠಿದು.”

‘ಶುಂಠಿದು’ ಬಾಯಿಂದ ಬರುವಷ್ಟರಲ್ಲಿ ಅವರು ಎರಡು ಮೆಟ್ಟಿಲು ಇಳಿದಾಗಿತ್ತು. ಸಂಜೆ ರಾಮಾಂಜನೇಯ ಗುಡ್ಡದ ವಾಕಿಂಗ್ ಬಳಗದ ಹಿರಿಯರೊಬ್ಬರು ನನ್ನನ್ನು ಪಕ್ಕಕ್ಕೆ ಕರೆದು, ಮಂಕಿ ಟೋಪಿ ಸರಿಸಿ, ಮೆಲ್ಲಗೆ ಕೇಳಿದರು: “ಎಷ್ಟು ಪರ್ಸೆಂಟು?”

ಎರಡು ದಿನ ಬಿಟ್ಟು ಶುಭಮುಹೂರ್ತದಲ್ಲಿ ಬಾಟಲಿ ನೇರ ಮಾಡಿದೆ. ಹೆಬ್ಬೆರಳಿಂದ ಗೋಲಿ ಒತ್ತಿದರೆ ‘ಕೀಂಚ್’ ಅನ್ನಬೇಕಲ್ಲವೇ? ನಾನು ಒತ್ತುವ ಮೊದಲೇ ಗೋಲಿ ಟಣ್ಣೆಂದು ಒಳಗೆ ಬಿತ್ತು. ಗ್ಯಾಸೆಲ್ಲ ಹನುಮಂತನಗರದ ಪಾಲಾಗಿತ್ತು. ಅಮ್ಮ ಒಂದು ಗುಟುಕು ಕುಡಿದು, “ಕೆಮ್ಮಿಗೆ ಒಳ್ಳೇದು ಬಿಡು” ಎಂದಳು.

ಉಳಿದದ್ದು ಜಾಡಿಯ ತಳದ ನೊರೆನೀರು. ಡಿಸೆಂಬರ್ ಚಳಿಗೆ ನಮ್ಮ ಮನೆಯಲ್ಲಿ ಇಡ್ಲಿ ಹಿಟ್ಟು ಹುದುಗು ಬರುವುದೇ ಇಲ್ಲ. ಅಮ್ಮ ನನ್ನನ್ನೇನೂ ಕೇಳದೆ ಒಂದು ಸೌಟು ಅದಕ್ಕೆ ಸುರಿದಿದ್ದಳು. ಬೆಳಿಗ್ಗೆ ಹಿಟ್ಟು ಪಾತ್ರೆಯ ಮುಚ್ಚಳ ಎತ್ತಿಕೊಂಡು ನಿಂತಿತ್ತು. ಇರುವೆಯ ಪ್ರಾಯಶ್ಚಿತ್ತಕ್ಕೆಂದು ಓನರ್ ಅಂಕಲ್, ಆಂಟಿಯನ್ನು ತಿಂಡಿಗೆ ಕರೆದಳು.

“ಈ ಚಳೀಲಿ ಇಷ್ಟು ಮೆತ್ತಗೆ ಹೇಗ್ರೀ ಬಂತು?” ಆಂಟಿ ಕೇಳಿದರು.

“ನಮ್ಮ ಹುಡುಗ ಆಫೀಸಿಗೆ ರಜಾ ಹಾಕಿ ಮಾಡಿದ್ನಲ್ಲಾ, ಅದೇ ಹಾಕಿದ್ದು.”

ಅಂಕಲ್ ಕೈಯಲ್ಲಿದ್ದ ಇಡ್ಲಿ ತುಂಡನ್ನು ಒಮ್ಮೆ ಮೂಸಿ ನೋಡಿದರು. ಆಮೇಲೆ ಇನ್ನೆರಡು ಹಾಕಿಸಿಕೊಂಡರು.