ಪುಣ್ಯಕೋಟಿಗೆ ಶ್ರುತಿ ಬೇಕು

ರಾಜ್ಯೋತ್ಸವ ಹತ್ತಿರ ಬಂತೆಂದರೆ ನಮ್ಮ ಕಾಗದನಗರಕ್ಕೆ ಗಂಟಲು ಬರುತ್ತದೆ. ವರ್ಷವಿಡೀ ಗೊಣಗುವುದಕ್ಕೆ ಬಿಟ್ಟರೆ ಬಾಯಿ ತೆರೆಯದವರೂ ಆಗ ಹಾಡುತ್ತಾರೆ. ಈ ಸಲ ಪಕ್ಕದ ಮನೆ ರಾಯರ ತಂಡ ಎತ್ತಿಕೊಂಡಿರುವುದು ‘ಗೋವಿನ ಹಾಡು’. ತಂಡವೆಂದರೆ ಭಾರೀ ಏನಲ್ಲ. ಕಾರ್ಖಾನೆಯಿಂದ ನಿವೃತ್ತರಾದ ನಾಲ್ಕಾರು ಜನ, ಅವರ ಮನೆಯವರು, ಎದುರು ಸಾಲಿನಲ್ಲಿ ಬಟ್ಟೆ ಹೊಲಿಯುವ ಒಬ್ಬಾಕೆ, ಒಂದು ಹಳೇ ಹಾರ್ಮೋನಿಯಂ, ಢೋಲಕ್ ಬಾರಿಸುವ ಒಬ್ಬ ಪಿಯುಸಿ ಹುಡುಗ.

ರಾಯರು ಬೇಲಿಯ ಮೇಲೆ ಟವೆಲ್ ಹರವುತ್ತಾ ಕೇಳಿದರು: “ನಿನ್ನೆ ಹೇಗಿತ್ತು ಮಾರಾಯ್ರೆ?”

“ಹುಲಿಗೂ ಕರುಣೆ ಬರೋ ಹಾಗಿತ್ತು ರಾಯರೇ.”

“ಹಾಡು ಕೇಳಿಯೋ, ಹಾಡೋರನ್ನ ನೋಡಿಯೋ?”

ಈ ಪ್ರಶ್ನೆಗೆ ಉತ್ತರ ಕೊಡದೆ ಇರುವುದೇ ನೆರೆಹೊರೆಯ ಧರ್ಮ. ಆದರೂ ಹೇಳಿದೆ, ತೊಂದರೆ ಇರುವುದು ಹಾಡಿನಲ್ಲೂ ಅಲ್ಲ, ಕಂಠದಲ್ಲೂ ಅಲ್ಲ, ಮನೆಯಲ್ಲಿ ಎಂದು. ಅತ್ತಿಗೆ ಒಳಗಿನಿಂದ, “ಯಾರ ಮನೇಲಿ?” ಎಂದು ಕೂಗಿದರು. ಹಾರ್ಮೋನಿಯಂ ಮನೆ ಅತ್ತಿಗೆ, ನಿಮ್ಮದಲ್ಲ!

ಗಂಡಸರಿಗೆ ಒಂದು ಮನೆ ಶ್ರುತಿ ಹಿತ, ಹೆಂಗಸರಿಗೆ ಐದು ಮನೆ. ಒಂದರಲ್ಲಿ ಶುರು ಮಾಡಿದರೆ ಹೆಂಗಸರ ದನಿ ನೆಲಮಾಳಿಗೆಗೆ ಇಳಿಯುತ್ತದೆ. ಐದರಲ್ಲಿ ಹಿಡಿದರೆ ರಾಯರ ಕತ್ತಿನ ನರ ನನಗೆ ಬೇಲಿಯ ಈಚೆಯಿಂದಲೇ ಕಾಣುತ್ತದೆ. ಪುಣ್ಯಕ್ಕೆ ಇಂಥ ಹಳೆಯ ಹಾಡುಗಳ ಧಾಟಿ ಐದಾರು ಸ್ವರಗಳ ಒಳಗೇ ಸುತ್ತುತ್ತದೆ. ಹಾಗಾಗಿ ರಾಜಿಗೆ ದಾರಿ ಇದೆ. ಹಾಡಿನ ಎಲ್ಲಕ್ಕಿಂತ ಎತ್ತರದ ಸಾಲನ್ನು ಗಂಡಸರಿಂದ ಹಾಡಿಸುವುದು, ಎಲ್ಲಕ್ಕಿಂತ ತಗ್ಗಿನದನ್ನು ಹೆಂಗಸರಿಂದ. ಒಂದೊಂದೇ ಮನೆ ಬದಲಿಸುತ್ತಾ ಹೋಗುವುದು. ಯಾರ ಮುಖವೂ ಸಿಂಡರಿಸದ ಮನೆ ಸಿಕ್ಕಿತೋ, ಅದೇ ಶ್ರುತಿ. ಆಮೇಲೆ ವೇದಿಕೆಯ ಮೇಲೆ ನಿಂತು ಅದನ್ನು ಬದಲಿಸಬಾರದು, ಅಧ್ಯಕ್ಷರೇ ಹೇಳಿದರೂ.

ಎರಡನೆಯ ತಂಟೆ ಢೋಲಕ್ಕಿನದು. ಹುಡುಗನ ಕೈ ಚುರುಕು, ಆದರೆ ಅವನು ಕಲಿತದ್ದು ಸಿನಿಮಾ ಹಾಡಿನ ನಾಲ್ಕರ ನಡೆ. ಗೋವಿನ ಹಾಡಿನ ನಡೆ ಮೂರು-ನಾಲ್ಕು, ಮೂರು-ನಾಲ್ಕು. ತಕಿಟ ತಕಧಿಮಿ ಎಂದು ಕೈಯಲ್ಲಿ ಎಣಿಸಿ ನೋಡಿ, ಮಾತು ತಾನಾಗಿ ಕೂತುಕೊಳ್ಳುತ್ತದೆ. ಏಳರ ಹಾಡನ್ನು ಎಂಟಕ್ಕೆ ಎಳೆದರೆ ಪ್ರತಿ ಸಾಲಿನಲ್ಲೂ ಒಂದು ಅಕ್ಷರ ಅನಾಥವಾಗಿ ಉದ್ದವಾಗುತ್ತದೆ. ಹಸು ಕರುವಿಗೆ ಬುದ್ಧಿ ಹೇಳುವಷ್ಟರಲ್ಲಿ ಹುಲಿಗೆ ನಿದ್ದೆ ಬಂದಿರುತ್ತದೆ. ಮೊನ್ನೆ ಆ ಹೊಲಿಗೆಯಾಕೆ ಇದಕ್ಕೆ ಮದ್ದು ಕಂಡುಹಿಡಿದರು. ಢೋಲಕ್ ಕೆಳಗಿಡಿಸಿ, ಎಲ್ಲರೂ ಚಪ್ಪಾಳೆ ತಟ್ಟುತ್ತಾ ಹಾಡನ್ನು ಬರೀ ಮಾತಿನಲ್ಲಿ ಹೇಳಬೇಕು ಎಂದರು. ಹೇಳಿದರು. ರಾಗವಿಲ್ಲದೆ ಹೇಳಿದಾಗಲೇ ಗೊತ್ತಾಯಿತು, ತಂಡದಲ್ಲಿ ಅರ್ಧ ಜನ ಅರ್ಬುತ ಎಂಬ ಹುಲಿಯ ಹೆಸರನ್ನು ಅದ್ಭುತ ಮಾಡಿಕೊಂಡಿದ್ದರು!

ಉಸಿರಿನ ವಿಷಯವೂ ಅಷ್ಟೇ. ಸಾಲು ಮುಗಿದಲ್ಲಿ ಉಸಿರು ತೆಗೆದುಕೊಂಡರೆ ಅರ್ಥ ಉಳಿಯುತ್ತದೆ, ಪದದ ಮಧ್ಯೆ ತೆಗೆದರೆ ಪುಣ್ಯ ಒಂದು ಕಡೆ, ಕೋಟಿ ಒಂದು ಕಡೆ. ಅದಲ್ಲದೆ ಎಲ್ಲರೂ ಒಟ್ಟಿಗೇ ಉಸಿರೆಳೆದರೆ ಹಾಡಿನಲ್ಲಿ ಗುಂಡಿ ಬೀಳುತ್ತದೆ. ಪಕ್ಕದವರು ಹಾಡುವಾಗ ನೀವು ಎಳೆದುಕೊಳ್ಳಿ, ನೀವು ಹಾಡುವಾಗ ಅವರು.

“ನಮ್ಮ ತೀರ್ಥಹಳ್ಳಿ ಕಡೆ ಇದನ್ನೆಲ್ಲ ಯಾರೂ ಹೇಳಿಕೊಡಲ್ಲಪ್ಪ,” ಎಂದು ಅತ್ತಿಗೆ ಮೊರದ ಸಮೇತ ಬೇಲಿಗೇ ಬಂದರು. “ಅಂಟಿಗೆ ಪಂಟಿಗೆಯವರಿಗೆ ಯಾವ ಮೇಷ್ಟ್ರು?”

ಮಾತು ನಿಜ. ಮಲೆನಾಡಿನಲ್ಲಿ ದೀಪಾವಳಿಯ ರಾತ್ರಿಗಳಲ್ಲಿ ಹೊತ್ತಿಸಿದ ದೀಪ ಹಿಡಿದು, ಅದು ಆರದ ಹಾಗೆ ಕಾಪಾಡಿಕೊಂಡು ಮನೆಮನೆಗೆ ಹಾಡುತ್ತಾ ಹೋಗುವ ತಂಡ ಅದು. ಬಾಗಿಲು ತೆಗೆಯಿರೆಂದು ಹಾಡುತ್ತಾರೆ. ಮನೆಯವರು ದೀಪಕ್ಕೆ ಎಣ್ಣೆ ಎರೆದು, ಅಕ್ಕಿಯೋ ಕಾಸೋ ಕೊಟ್ಟು ಕಳಿಸುತ್ತಾರೆ. ವಾದ್ಯದ ಹಂಗಿಲ್ಲ. ಮುಂದಿನವರು ಒಂದು ಸಾಲು ಹೇಳಿದರೆ ಹಿಂದಿನವರು ಅದನ್ನೇ ಎತ್ತಿಕೊಳ್ಳುತ್ತಾರೆ. ಸುಧಾರಣೆಯ ಗುಟ್ಟೆಲ್ಲ ಅಲ್ಲೇ ಇದೆ. ಹಿಂದಿನವನು ಹಾಡುವ ಮೊದಲು ಕೇಳಲೇಬೇಕು. ಹೊಸಬ ಹಿಂದೆ ನಿಂತು ಕೇಳಿ ಕೇಳಿ ಹಾಡುತ್ತಾನೆ, ವರ್ಷ ಕಳೆದ ಹಾಗೆ ಮುಂದಕ್ಕೆ ಬರುತ್ತಾನೆ. ಮೇಷ್ಟ್ರು ಇಲ್ಲ ಅಂದರೆ ಪಾಠ ಇಲ್ಲ ಎಂದೇನೂ ಅಲ್ಲ ಅತ್ತಿಗೆ.

ರಾಯರದು ಬೇರೆ ತಕರಾರು. “ಪುಸ್ತಕ ಇದೆಯಲ್ರೀ, ನೋಡಿಕೊಂಡು ಹಾಡಿದರಾಯ್ತು.” 1936ರಲ್ಲಿ ಹುಟ್ಟಿದ ಮೈಸೂರು ಕಾಗದ ಕಾರ್ಖಾನೆಯ ಊರಿನವರು, ಕಾಗದದ ಮೇಲೆ ನಂಬಿಕೆ ಜಾಸ್ತಿ. ಆದರೆ ಕಾಗದ ಉಳಿಸುವುದು ಮಾತನ್ನು ಮಾತ್ರ. ಹಲಸಂಗಿ ಗೆಳೆಯರು 1931ರಲ್ಲಿ ‘ಗರತಿಯ ಹಾಡು’ ಅಚ್ಚು ಹಾಕಿಸಿದರು, ಗೊರೂರರು 1938ರಲ್ಲಿ ‘ಹಳ್ಳಿಯ ಹಾಡುಗಳು’ ತಂದರು. ಅವರು ಹಾಗೆ ಮಾಡದಿದ್ದರೆ ಎಷ್ಟೋ ಪದಗಳು ಅಜ್ಜಿಯರ ಜೊತೆಗೇ ಹೋಗುತ್ತಿದ್ದವು. ಆದರೂ ಬೀಸುವಾಗ ಆ ಪದವನ್ನು ಎಲ್ಲಿ ಎಳೆಯಬೇಕು, ಎಲ್ಲಿ ಬಿಡಬೇಕು ಎಂಬುದು ಅಚ್ಚಿಗೆ ಸಿಗಲಿಲ್ಲ. ಅದು ಬಾಯಿಂದ ಕಿವಿಗೇ ಬರಬೇಕು.

ಕಿವಿಗೆ ತಂದುಕೊಡುವುದಕ್ಕೆ ನಮ್ಮೂರಲ್ಲೇ ಆಕಾಶವಾಣಿ ಇದೆ, 1965ರಿಂದ. ಅಲ್ಲಿ ಹಾಡಬೇಕೆಂದರೆ ಜಾನಪದದವರಿಗೂ ಧ್ವನಿ ಪರೀಕ್ಷೆ ಉಂಟು. ಹಳ್ಳಿ ಹಾಡು ಹೇಗೆ ಹಾಡಿದರೂ ನಡೆಯುತ್ತದೆ ಅನ್ನುವವರು ಒಮ್ಮೆ ಆ ಮೈಕಿನ ಮುಂದೆ ನಿಲ್ಲಬೇಕು. ಅಷ್ಟು ದೂರ ಬೇಡ, ಜೇಬಿನ ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡು ಕೇಳಿದರೂ ಸಾಕು. ನಮ್ಮ ದನಿ ನಮಗೆ ತಲೆಬುರುಡೆಯ ಮೂಳೆಯ ಮೂಲಕವೂ ಕೇಳುವುದರಿಂದ ಗಡುಸಾಗಿ, ತುಂಬಿ ಬಂದಂತೆ ಇರುತ್ತದೆ. ಫೋನಿಗೆ ಆ ದಾಕ್ಷಿಣ್ಯ ಇಲ್ಲ. ರಾಯರು ಮೊದಲ ಸಲ ಕೇಳಿದಾಗ, “ಇದ್ಯಾರ್ರೀ ಮಧ್ಯೆ ಮಧ್ಯೆ ಮೂಗಿನಲ್ಲಿ ಹಾಡೋದು?” ಎಂದರಂತೆ. ಯಾರೂ ಉತ್ತರಿಸಲಿಲ್ಲವಂತೆ.

ಇನ್ನು ತಂಡದಲ್ಲಿ ಒಬ್ಬರಿಗೆ ಶಾಸ್ತ್ರೀಯ ಸಂಗೀತದ ಪಾಠ ಆಗಿದೆ. ಅವರು ಕರುವಿನ ಅಳುವಿಗೂ ಸಂಗತಿ ಹಾಕುತ್ತಾರೆ. ಅದನ್ನು ಏನು ಮಾಡುವುದು ಎಂದು ಬೇಲಿಯ ಎರಡೂ ಕಡೆ ಚರ್ಚೆಯಾಯಿತು. ಹಳೆಯ ಹಾಡಿಗೆ ಹೊಸ ಅಂಗಿ ತೊಡಿಸಲೇಬಾರದು ಎನ್ನುವ ಮಡಿ ನನಗಿಲ್ಲ. ಪಿ. ಕಾಳಿಂಗರಾಯರು ಜನಪದ ಗೀತೆಗಳನ್ನು ವೇದಿಕೆಗೆ ತಂದದ್ದರಿಂದಲೇ ಅವು ಪಟ್ಟಣದ ಕಿವಿಗೆ ಬಿದ್ದವು. ನಮ್ಮ ಜಿಲ್ಲೆಯವರೇ ಆದ, ವೃತ್ತಿಯಲ್ಲಿ ವಕೀಲರಾಗಿದ್ದ ಶಿವಮೊಗ್ಗ ಸುಬ್ಬಣ್ಣನವರು ‘ಕಾಡು ಕುದುರೆ’ ಚಿತ್ರಕ್ಕೆ ಹಾಡಿ ರಾಷ್ಟ್ರಪ್ರಶಸ್ತಿ ತಂದರು. ಕಂಬಾರರ ಆ ಜಾನಪದ ಧಾಟಿಯ ಹಾಡಿನಲ್ಲಿ ಅವರ ದನಿಗೆ ಎಷ್ಟು ಬಲವಿತ್ತೋ, ಪ್ರತಿ ಪದವೂ ಅಷ್ಟೇ ಬಿಡಿಬಿಡಿಯಾಗಿ ಕೇಳುತ್ತಿತ್ತು. ಸಂಗತಿ ಹಾಕಿದ ಮೇಲೂ ಕೊನೇ ಸಾಲಿನಲ್ಲಿ ಕೂತ ಅಜ್ಜಿಗೆ ಮಾತು ತಿಳಿದರೆ ಸಂಗತಿ ಇರಲಿ, ತಿಳಿಯದಿದ್ದರೆ ತೆಗೆಯಿರಿ. ಕಥೆಯ ಹಾಡಿನಲ್ಲಿ ಕಥೆಯೇ ಯಜಮಾನ.

ಒಟ್ಟಿನಲ್ಲಿ ನನ್ನ ತೀರ್ಪು ಇಷ್ಟು: ಹವ್ಯಾಸಿಗಳಿಗೆ ಕಂಠ ಸಾಧಾರಣವಾದರೂ ಪರವಾಗಿಲ್ಲ, ಕಿವಿ ಸಾಧಾರಣವಾದರೆ ಕಷ್ಟ. ರಾಯರ ತಂಡದಲ್ಲಿ ಮುಂದೆ ನಿಲ್ಲುವುದಕ್ಕೆ ಬೇಕಾದಷ್ಟು ಜನ ಇದ್ದಾರೆ. ಕೊರತೆ ಇರುವುದು ಹಿಂದೆ ನಿಂತು, ಕೇಳಿ, ಆಮೇಲೆ ಎತ್ತಿಕೊಳ್ಳುವವರದು. ಸಂಜೆ ಬಿಡುವಿದ್ದವರು ಬನ್ನಿ. ಚಹಾ ಅತ್ತಿಗೆಯದು.