ಮಾಳಿಗೆ ಹತ್ತುವವರು ಯಾರು?

ಮಲೆನಾಡಿನವರ ಎದುರು ಬಾಗಲಕೋಟೆಯವರು ಮಳೆಯ ಮಾತೆತ್ತಿದರೆ ಮರ್ಯಾದೆ ಉಳಿಯುವುದಿಲ್ಲ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರ್ ದಾಟುವ ಮಳೆ ನಮ್ಮ ಜಿಲ್ಲೆಯಲ್ಲಿ 600 ಮುಟ್ಟುವುದಕ್ಕೇ ತಿಣುಕುತ್ತದೆ. ಆ ಅಷ್ಟಿಷ್ಟಾದರೂ ನೆಟ್ಟಗೆ ಬರುತ್ತದೆಯೇ ಎಂದರೆ ಅದೂ ಇಲ್ಲ. ರೋಹಿಣಿ ಗುಡುಗಿ ಹೋಗುತ್ತದೆ, ಮಿರಗ ಮುಖ ತೋರಿಸಿ ಹೋಗುತ್ತದೆ, ಎಲ್ಲರೂ ಆಸೆ ಬಿಟ್ಟ ಮೇಲೆ ಹುಬ್ಬಿ, ಉತ್ತರಿ ಬಂದು ಬಾಕಿಯನ್ನೆಲ್ಲ ಬಡ್ಡಿ ಸಮೇತ ಸುರಿದು ಹೋಗುತ್ತವೆ. ಆದರೂ ಮನೆ ಸೋರುವ ವಿದ್ಯೆಯಲ್ಲಿ ನಾವು ಮಲೆನಾಡಿಗೆ ಒಂದು ಬಕೆಟ್ಟೂ ಕಡಿಮೆಯಿಲ್ಲ. ಹನ್ನೊಂದೋ ಹನ್ನೆರಡೋ ಪಾಲಿನಲ್ಲಿ ಒಂದು ಪಾಲು ಮಳೆಗೆ ಸರಿಸಮ ಸೋರುವುದು ಸಣ್ಣ ಸಾಧನೆಯೇನಲ್ಲ. ಇದಕ್ಕೆ ಮುಗಿಲನ್ನು ಬೈದು ಉಪಯೋಗವಿಲ್ಲ ಎಂಬುದು ನನ್ನ ವಾದ. ಮೇಲೆ ಎಷ್ಟು ನೀರು ಬಿತ್ತು ಎನ್ನುವುದಕ್ಕಿಂತ, ಎಷ್ಟು ದಿನದಿಂದ ಅಲ್ಲಿ ಮನುಷ್ಯರ ಕಾಲು ಬಿದ್ದಿಲ್ಲ ಎನ್ನುವುದನ್ನು ನೋಡಿಕೊಂಡು ಮಾಳಿಗೆ ಸೋರುತ್ತದೆ.

ಹಳೆಯ ಮಾಳಿಗೆಮನೆಯನ್ನೇ ಸಾಕ್ಷಿಗೆ ಕರೆಯೋಣ. ಹುನಗುಂದ, ಬಾದಾಮಿ ಕಡೆಯ ಹಳ್ಳಿಗಳಲ್ಲಿ ಇನ್ನೂ ಅಲ್ಲಲ್ಲಿ ಉಳಿದಿರುವ ಈ ಮನೆಗಳ ನೆತ್ತಿ ಎಂದರೆ ತೊಲೆ, ತೊಲೆಯ ಮೇಲೆ ಜಂತಿ, ಜಂತಿಯ ಮೇಲೆ ಕಟ್ಟಿಗೆಯ ಚಕ್ಕೆ, ಅದರ ಮೇಲೆ ಸೊಪ್ಪುಸದೆ, ಎಲ್ಲಕ್ಕೂ ಮೇಲೆ ಗೇಣು ದಪ್ಪದ ಮಣ್ಣು. ಮಣ್ಣು ನೀರು ತಡೆಯುತ್ತದೆಂದರೆ ಎಂಜಿನಿಯರು ನಗಬಹುದು. ಗುಟ್ಟು ಇರುವುದು ಯಾವ ಮಣ್ಣು ಎಂಬುದರಲ್ಲಿ. ಎರೆಮಣ್ಣು ಜೋಳ ಬೆಳೆಯಲು ಬಂಗಾರ, ಮಾಳಿಗೆಗೆ ದ್ರೋಹಿ: ಬೇಸಿಗೆಯಲ್ಲಿ ಬಿರಿದು ಬಾಯಿ ತೆರೆದುಕೊಂಡಿರುತ್ತದೆ, ಮೊದಲ ಮಳೆ ಆ ಬಾಯೊಳಗಿಂದ ನೇರ ಅಡುಗೆಮನೆಗೆ ಇಳಿಯುತ್ತದೆ. ಮಸಾರಿಯಲ್ಲಿ ಮರಳಿನ ಅಂಶ ಹೆಚ್ಚು, ನೀರಿಗೆ ದಾರಿ ಬಿಡುವುದರಲ್ಲಿ ಅದು ಉದಾರಿ. ಹೊಂದುವುದು ಯಾವುದೆಂದರೆ, ಹೊಲದಲ್ಲಿ ಕಂಡರೆ ರೈತ ಹಣೆ ಚಚ್ಚಿಕೊಳ್ಳುವ ಸವಳು ಮಣ್ಣು. ಅದರಲ್ಲಿರುವ ಸೋಡಿಯಂ ಜೇಡಿಯ ಕಣಗಳನ್ನು ಬಿಡಿಬಿಡಿಯಾಗಿ ಚದುರಿಸುತ್ತದೆ. ನೀರು ಬಿದ್ದೊಡನೆ ಆ ನಯವಾದ ಕಣಗಳು ಸಂದುಗೊಂದುಗಳಲ್ಲಿ ತುಂಬಿಕೊಂಡು ಮಣ್ಣಿನ ಮೈಯನ್ನೇ ಮುಚ್ಚಿಬಿಡುತ್ತವೆ. ಬೇರಿಗೆ ನೀರಿಳಿಯಗೊಡದ ಅದೇ ದುರ್ಗುಣ ನೆತ್ತಿಯ ಮೇಲೆ ಸದ್ಗುಣ. ಕಾಲುವೆ ನೀರು ಅತಿಯಾಗಿ ಸವಳು ಹಿಡಿದ ಹೊಲಗಳನ್ನು ನೋಡಿದರೆ, ಇಡೀ ಜಿಲ್ಲೆಯ ಮಾಳಿಗೆಗೆ ಸಾಲುವಷ್ಟು ಮಣ್ಣನ್ನು ನೀರಾವರಿಯೇ ತಯಾರಿಸಿಟ್ಟಂತಿದೆ. ಮಾಳಿಗೆಗಳೇ ಉಳಿದಿಲ್ಲ ಎಂಬುದು ಬೇರೆ ಮಾತು.

ಆದರೆ ಸವಳು ಒಮ್ಮೆ ಹಾಕಿ ಮರೆಯುವ ಮದ್ದಲ್ಲ. ಮಳೆ ಅದನ್ನು ಸವೆಸುತ್ತದೆ, ಇಲಿ ತೋಡುತ್ತದೆ, ಇರುವೆ ಗೂಡು ಕಟ್ಟುತ್ತದೆ, ಗಾಳಿ ತಂದ ಬೀಜ ಒಂದೆರಡು ಕಡೆಯಾದರೂ ಹಟಕ್ಕೆ ಬಿದ್ದು ಮೊಳೆಯುತ್ತದೆ. ರೋಹಿಣಿಗೆ ಮುಂಚೆ ಇದನ್ನೆಲ್ಲ ಕೆರೆದು, ಹೊಸ ಮಣ್ಣು ಹರಡಿ, ಬಡಿದು, ನೀರು ಹಾಯುವ ದೋಣಿಯ ಬಾಯಿ ಬಿಡಿಸಬೇಕು. ಇಷ್ಟೆಲ್ಲ ನೆನಪಿಡುತ್ತಿದ್ದವರು ನಮಗಿಂತ ಶಿಸ್ತಿನ ಜನ ಎಂದು ನಾನು ಹೇಳಲಾರೆ; ಸೋಮಾರಿತನ ಎಲ್ಲ ಕಾಲಕ್ಕೂ ಸಮನಾಗಿ ಹಂಚಿಕೆಯಾಗಿದೆ. ಮಾಳಿಗೆಯ ಮೇಲೆ ಅವರಿಗೆ ಬೇರೆ ಕೆಲಸವಿತ್ತು, ಅಷ್ಟೆ. ಶಾವಿಗೆ, ಹಪ್ಪಳ, ಸಂಡಿಗೆ ಒಣಗುತ್ತಿದ್ದುದು ಅಲ್ಲಿ, ಮೆಣಸಿನಕಾಯಿ ಹರಡುತ್ತಿದ್ದುದು ಅಲ್ಲಿ, ಬೇಸಿಗೆಯಿಡೀ ಮನೆಮಂದಿ ಮಲಗುತ್ತಿದ್ದುದೂ ಅಲ್ಲಿಯೇ. ಬಿರುಕನ್ನು ಯಾರೂ ಹುಡುಕಿಕೊಂಡು ಹೋಗಬೇಕಿರಲಿಲ್ಲ, ಸಂಡಿಗೆಯ ಬಟ್ಟೆ ಹಾಸುವಾಗ ಕೈಗೇ ಸಿಗುತ್ತಿತ್ತು. ಇರುವೆ ಗೂಡಿನ ತಪಾಸಣೆ ನಡುರಾತ್ರಿ ಹಾಸಿಗೆಯಲ್ಲೇ ಆಗುತ್ತಿತ್ತು. ನಾಲ್ಕು ಹನಿ ಬಿದ್ದರೆ ಬೆಳಕಿಂಡಿ ಮುಚ್ಚಲು ಯಾರಾದರೂ ನಿಚ್ಚಣಿಕೆ ಹತ್ತಿ ಓಡಲೇಬೇಕು, ಇಲ್ಲವಾದರೆ ಒಲೆ ಆರುತ್ತದೆ. ಇಳಕಲ್ಲಿನ ನೇಕಾರನ ಮನೆಯಲ್ಲಂತೂ ಕಣ್ಣು ಇನ್ನೂ ಚುರುಕು: ಕೆಳಗೆ ಕುಣಿಮಗ್ಗದ ಮೇಲೆ ಗಂಜಿ ಕುಡಿದ ಹಾಸು ಬಿಗಿದು ನಿಂತಿರುವಾಗ ಮೇಲಿನಿಂದ ತೊಟ್ಟಿಕ್ಕುವ ಕೆಸರುನೀರು ಸೀರೆಯ ಬಣ್ಣವನ್ನೂ ತಿಂಗಳ ಸಂಪಾದನೆಯನ್ನೂ ಒಟ್ಟಿಗೇ ಕೆಡಿಸಬಲ್ಲದು. ಮಾಳಿಗೆಯ ರಿಪೇರಿ ಮಾಳಿಗೆಯ ಬಳಕೆಗೆ ಅಂಟಿಕೊಂಡು ತಾನಾಗಿಯೇ ನಡೆದುಹೋಗುತ್ತಿತ್ತು.

ಈಗ ಆರ್‌ಸಿಸಿಗೆ ಬರೋಣ. ಆಲಮಟ್ಟಿ ಜಲಾಶಯದ ನೀರು 519.6 ಮೀಟರಿಗೆ ನಿಲ್ಲುವುದೆಂದಾದಾಗ ಹಳೆ ಬಾಗಲಕೋಟೆಯ ತಗ್ಗಿನ ಓಣಿಗಳು ಎದ್ದು ನವನಗರದ ಸೆಕ್ಟರುಗಳಿಗೆ ಏರಿಬಂದವು. ಮನೆಗಳು ಎತ್ತರಕ್ಕೆ ಬಂದವು, ಮನೆಯವರು ಮಾತ್ರ ಮೇಲೆ ಹತ್ತುವುದನ್ನು ಬಿಟ್ಟರು. ಹಪ್ಪಳ ಪ್ಯಾಕೆಟ್ಟಿನಲ್ಲಿ ಸಿಗುತ್ತದೆ, ಗಾಳಿ ಫ್ಯಾನಿನಲ್ಲಿ ಸಿಗುತ್ತದೆ, ಚುಕ್ಕಿ ನೋಡುವ ಚಟ ಯಾರಿಗೂ ಉಳಿದಿಲ್ಲ. ಇಂದು ನಮ್ಮ ಟೆರೇಸಿನ ನಿವಾಸಿಗಳೆಂದರೆ ಕಪ್ಪು ನೀರಿನ ಟಾಕಿ, ಒಂಟಿ ಚಪ್ಪಲಿ, ಕಾಲು ಮುರಿದ ಕುರ್ಚಿ, ಮತ್ತು ಮಗ ಮುಂದೊಂದು ದಿನ ಮೇಲಂತಸ್ತು ಕಟ್ಟುತ್ತಾನೆಂಬ ನಂಬಿಕೆಯಿಂದ ಕಂಬಗಳ ತಲೆಯಲ್ಲಿ ಬಿಟ್ಟ ಕಬ್ಬಿಣದ ಸರಳುಗಳು. ಮಗ ಪುಣೆಯಲ್ಲಿ ಫ್ಲ್ಯಾಟು ಕೊಂಡಿರುತ್ತಾನೆ. ಸರಳುಗಳು ತುಕ್ಕು ಹಿಡಿಯುತ್ತ ಕಾಯುತ್ತಿರುತ್ತವೆ. ತುಕ್ಕು ಕಬ್ಬಿಣಕ್ಕಿಂತ ಹೆಚ್ಚು ಜಾಗ ಬೇಡುತ್ತದೆ, ಬೇಡಿದ್ದನ್ನು ಕಾಂಕ್ರೀಟು ಸೀಳಿ ಪಡೆಯುತ್ತದೆ, ಆ ಸೀಳಿನಲ್ಲಿ ಉತ್ತರಿ ಮಳೆ ಇಳಿಯುತ್ತದೆ. ಕೊಳವೆಯ ಬಾಯಿಗೆ ಕ್ಯಾರಿಬ್ಯಾಗೊಂದು ಅಡ್ಡ ಬಂದರೆ ಟೆರೇಸು ರಾತ್ರಿಯೊಳಗೆ ಕೆರೆ. ಅದನ್ನು ಮೊದಲು ಕಂಡುಹಿಡಿಯುವವರು ಕೆಳಗೆ ಟಿವಿ ನೋಡುತ್ತಿರುವವರು. ಬಾದಾಮಿಯಲ್ಲಿ ಮಾತ್ರ ಪರಿಸ್ಥಿತಿ ಸ್ವಲ್ಪ ವಾಸಿ. ಅಲ್ಲಿ ಮಂಗಗಳು ದಿನಕ್ಕೆ ನಾಲ್ಕು ಸಲ ಟೆರೇಸಿನ ತಪಾಸಣೆ ಮಾಡುತ್ತವೆ, ವರದಿಯನ್ನಷ್ಟೇ ಕೊಡುವುದಿಲ್ಲ.

ಮಣ್ಣಿನ ಮಾಳಿಗೆಯನ್ನು ಹೀಗೆ ಹೊಗಳುವವರಿಗೆ 2009ರ ನೆನಪಿಲ್ಲವೇ ಎಂದು ಯಾರಾದರೂ ಕೇಳಿದರೆ ಆ ಪ್ರಶ್ನೆ ನ್ಯಾಯವಾದದ್ದು, ಅದಕ್ಕೆ ನಗೆಯ ಉತ್ತರವಿಲ್ಲ. ಆ ವರ್ಷ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲಿಗೆ ಹಗಲುರಾತ್ರಿ ಹಿಡಿದ ಮಳೆಗೆ ಉತ್ತರ ಕರ್ನಾಟಕದಲ್ಲಿ ಮಣ್ಣಿನ ಮನೆಗಳು ಸಾಲುಸಾಲಾಗಿ ಕುಸಿದವು, ಜನ ಸತ್ತರು. ಅಂಥ ಮಳೆಗೆ ಮಣ್ಣಿನ ಗೋಡೆಯನ್ನು ಒಡ್ಡುವುದು ಸರಿಯಲ್ಲ, ಒಪ್ಪಿದೆ. ಆದರೆ ಭಾರದ ಲೆಕ್ಕವನ್ನೂ ಹಾಕಿ ನೋಡಬೇಕು. ಒಣ ಮಣ್ಣು ಘನಮೀಟರಿಗೆ ಸುಮಾರು 1,600 ಕಿಲೋ ತೂಗುತ್ತದೆ. ಹತ್ತು ಅಡಿಗೆ ಹನ್ನೆರಡು ಅಡಿಯ ಕೋಣೆಯ ಮೇಲೆ 20 ಸೆಂಟಿಮೀಟರ್ ಹರಡಿದರೆ ಮೂರೂವರೆ ಟನ್ನು, ಅಂದರೆ ಮಲಗಿದವರ ಮೇಲೆ ಹೆಚ್ಚುಕಡಿಮೆ ಒಂದು ಆನೆ. ಹಳೆಯದನ್ನು ಕೆರೆದು ತೆಗೆಯದೆ ವರ್ಷವರ್ಷವೂ ಮೇಲೆ ಮೇಲೆ ಸುರಿಯುತ್ತ ಹೋದರೆ ಮಣ್ಣು 40 ಸೆಂಟಿಮೀಟರ್ ಆಗುತ್ತದೆ, ಆನೆ ಎರಡಾಗುತ್ತದೆ. ನೆನೆದರೆ ಇನ್ನೂ ಭಾರ. ಸುರಿಯುವುದು ಸುಲಭ, ಬುಟ್ಟಿ ಹೊತ್ತು ಕೆಳಗಿಳಿಸುವುದು ಕಷ್ಟ. ಆರೈಕೆಯ ಕಷ್ಟದ ಅರ್ಧವನ್ನು ಬಿಟ್ಟು ಸುಲಭದ ಅರ್ಧವನ್ನಷ್ಟೇ ಮಾಡಿದ ಮಾಳಿಗೆಗಳೂ ಆ ಕುಸಿದವುಗಳಲ್ಲಿ ಇದ್ದಿರಲೇಬೇಕು ಎಂಬುದು ನನ್ನ ಊಹೆ.

ಇನ್ನೊಂದು ಆಕ್ಷೇಪ ಐಹೊಳೆಯಿಂದ ಬರುತ್ತದೆ. ಚಾಲುಕ್ಯರು ಕಲ್ಲಿನ ಮಾಳಿಗೆ ಹಾಕಿ ಹೋದರು, ಯಾವ ಸವಳು ಮಣ್ಣೂ ಇಲ್ಲದೆ ಸಾವಿರ ವರ್ಷದ ಮೇಲೆ ನಿಂತಿಲ್ಲವೇ? ನಿಂತಿದೆ. ಆದರೆ ಲಾಡಖಾನ್ ಗುಡಿಯ ಛಾವಣಿಯನ್ನು ಸ್ವಲ್ಪ ನಿಂತು ನೋಡಿ: ಇಳಿಜಾರಾಗಿ ಹಾಸಿದ ಚಪ್ಪಡಿಗಳು, ಎರಡು ಚಪ್ಪಡಿ ಕೂಡುವಲ್ಲೆಲ್ಲ ಸಂದು ಮುಚ್ಚಲು ಮರದ ತೊಲೆಯ ಆಕಾರದಲ್ಲಿ ಕೊರೆದ ಕಲ್ಲಿನ ಪಟ್ಟಿಗಳು. ಸೋರುವುದೆಲ್ಲಿ ಎಂದು ಮೊದಲೇ ಯೋಚಿಸಿದವನ ಕೆಲಸ ಇದು. ಅಷ್ಟು ಭದ್ರ ಮಾಡಿದವನೂ ಮೇಲೆ ಹೋಗಲು ಕಲ್ಲಿನದೇ ಒಂದು ಏಣಿ ಇಟ್ಟಿದ್ದಾನೆ. ಮೇಲೆ ಒಂದು ಚಿಕ್ಕ ಗುಡಿಯಿದೆ, ಪೂಜೆಗೆ ಏರಬೇಕು. ಏರಿದವನ ಕಣ್ಣು ಸಂದಿಗೂ ಹೋಗದೆ ಇರುವುದಿಲ್ಲ. ಗುಡಿಗೆ ಹೆಸರು ಬಂದದ್ದು ದೇವರಿಂದಲ್ಲ, ಆಮೇಲೆ ಅದರಲ್ಲಿ ಸಂಸಾರ ಹೂಡಿದ್ದವನಿಂದ. ಈಗ ಪುರಾತತ್ವ ಇಲಾಖೆ ನೋಡಿಕೊಳ್ಳುತ್ತದೆ. ಯಾರೂ ಹತ್ತದೆಯೂ ಮಾಳಿಗೆ ಉಳಿಯುತ್ತದೆ ಎನ್ನುವವರ ಪರವಾಗಿ ಈ ಗುಡಿ ಸಾಕ್ಷಿ ಹೇಳಲಾರದು.

ಉಳಿದದ್ದು ಗಟ್ಟಿಯಾದ ಆಕ್ಷೇಪ: ಮಣ್ಣು ಹೊರುತ್ತಿದ್ದವರಲ್ಲಿ, ಸಂಡಿಗೆ ಹಾಕುತ್ತಿದ್ದವರಲ್ಲಿ ಹೆಚ್ಚಿನವರು ಹೆಂಗಸರು, ಆ ದುಡಿಮೆಯನ್ನು ನೆನೆದು ಕಣ್ಣೀರು ಹಾಕುವವರಲ್ಲಿ ಹೆಚ್ಚಿನವರು ಗಂಡಸರು. ಇದಕ್ಕೆ ನನ್ನಲ್ಲಿ ಮರುಮಾತಿಲ್ಲ, ಹಳೆಯ ಮಾಳಿಗೆ ಮರಳಿ ಬರಲಿ ಎಂದೂ ನಾನು ಕೇಳುತ್ತಿಲ್ಲ. ಹೊಸ ಮಾಳಿಗೆಗೆ ಹೊಸ ಕೆಲಸ ಬೇಕು, ಸಾಧ್ಯವಾದರೆ ಗಂಡಸರು ಮಾಡಬಹುದಾದದ್ದು. 2024ರಲ್ಲಿ ಬಂದ ಪಿಎಂ ಸೂರ್ಯ ಘರ್ ಯೋಜನೆಯಲ್ಲಿ ಮೂರು ಕಿಲೋವ್ಯಾಟಿನ ಸೋಲಾರ್ ಫಲಕಕ್ಕೆ 78,000 ರೂಪಾಯಿ ಸಬ್ಸಿಡಿ ಇದೆ, ನಮ್ಮಲ್ಲಿ ಬಿಸಿಲಿಗಂತೂ ಬರವಿಲ್ಲ. ಧೂಳು ಕೂತರೆ ಫಲಕ ಕಡಿಮೆ ವಿದ್ಯುತ್ತು ಕೊಡುತ್ತದೆ, ಮತ್ತು ಎಷ್ಟು ಕಡಿಮೆ ಎಂಬುದನ್ನು ಮೊಬೈಲಿನಲ್ಲಿ ತೋರಿಸುತ್ತದೆ. ಕರೆಂಟ್ ಬಿಲ್ಲಿನ ಭಯಕ್ಕೆ ಯಜಮಾನರು ಬಕೆಟ್ಟು, ಬಟ್ಟೆ ಹಿಡಿದು ಹತ್ತಲು ಶುರುಮಾಡಿದ್ದಾರೆ. ಫಲಕ ಒರೆಸಿ ಇಳಿಯುವ ಮುಂಚೆ ಆ ಕ್ಯಾರಿಬ್ಯಾಗನ್ನೂ ಕಾಲಿನಿಂದ ಅತ್ತ ಸರಿಸಿದರೆ, ಈ ಸಲದ ಉತ್ತರಿಗೆ ಅಷ್ಟರಮಟ್ಟಿಗೆ ತಯಾರಿ ಆಯಿತು.