ಟ್ಯಾಂಕರಿಗೆ ಕೊಸರು ಬೇಡ

ನಮ್ಮ ಕಟ್ಟೆಮಳಲವಾಡಿ ಕಡೆಯವರಿಗೆ ತುಂಬಿ ಹರಿಯೋದು ಅಂದ್ರೆ ಸಂಭ್ರಮ ಕಣ್ರೀ. ಮಳೆಗಾಲದಲ್ಲಿ ಲಕ್ಷ್ಮಣತೀರ್ಥ ಅಣೆಕಟ್ಟೆ ಮೇಲೆ ಧುಮುಕಿದರೆ ಕಣ್ಣಿಗೆ ಹಬ್ಬ. ಹೊಸ ಮನೆಗೆ ಹೋದರೆ ಹಾಲು ಉಕ್ಕಿಸಲೇಬೇಕು. ನಮ್ಮಜ್ಜಿ ರಾಗಿ ಅಳೆದರೆ ಸೇರಿನ ಮೇಲೆ ಗೋಪುರ ನಿಲ್ಲಬೇಕು, ಅದರ ಮೇಲೂ ಒಂದು ಹಿಡಿ ಕೊಸರು! ಕೈಯಲ್ಲಿ ಸವರಿ ಸಮಮಾಡಿ ಅಳೆಯುವವರ ಮನೆಗೆ ಆಕೆ ಎರಡನೇ ಸಲ ಸಾಲಕ್ಕೂ ಹೋಗುತ್ತಿರಲಿಲ್ಲ. ಇಂಥ ಜನಕ್ಕೆ ಟ್ಯಾಂಕರಿನ ಲೆಕ್ಕ ತಲೆಗೆ ಹತ್ತೋದು ಹೇಗೆ, ಹೇಳಿ?

ಹುಣಸೂರು ಹಾದು ಮಡಿಕೇರಿ ಕಡೆಗೆ ಹೋಗುತ್ತಲ್ಲ ಪೆಟ್ರೋಲ್ ಲಾರಿ, ಅದು ಫುಲ್ಲು ಅಂದರೂ ಫುಲ್ಲಲ್ಲ. ನೂರಕ್ಕೆ 97 ಪಾಲು ತುಂಬಿ ಮಿಕ್ಕ 3 ಪಾಲು ಖಾಲಿ ಬಿಡಬೇಕು ಅಂತ ನಿಯಮವೇ ಇದೆ. ಬೆಳಗಿನ ತಂಪಿನಲ್ಲಿ ತುಂಬಿದ 12 ಸಾವಿರ ಲೀಟರ್ ಪೆಟ್ರೋಲು ಬಿಸಿಲಿಗೆ 10 ಡಿಗ್ರಿ ಕಾದರೆ ನೂರು ಲೀಟರಿಗೂ ಮಿಕ್ಕಿ ಹಿಗ್ಗುತ್ತೆ. ಅದು ಕೂರೋದೆಲ್ಲಿ, ಪಾಪ?

ಡಿಪೋಗಳಲ್ಲಿ ಮೊದಲೆಲ್ಲ ಲಾರಿ ನೆತ್ತಿ ಹತ್ತಿ, ಮುಚ್ಚಳ ತೆಗೆದು, ಬಗ್ಗಿ ನೋಡಿಕೊಂಡು ತುಂಬುತ್ತಿದ್ದರು. ಮೂಗಿಗೆ ಆವಿ, ಕಾಲ ಕೆಳಗೆ ಜಾರುವ ತಗಡು. ಆಮೇಲೆ ಮೀಟರು ಬಂತು, ಇಷ್ಟು ಲೀಟರ್ ಅಂತ ಒತ್ತಿದರೆ ಅಷ್ಟಕ್ಕೇ ನಿಲ್ಲುತ್ತೆ. ಆದರೆ ಮೀಟರಿಗೆ ತಾನು ಬಿಟ್ಟದ್ದಷ್ಟೇ ಗೊತ್ತು, ಲಾರಿಯೊಳಗೆ ನಿನ್ನೆಯದು ಉಳಿದಿದೆಯೋ ಇಲ್ಲವೋ ಅದಕ್ಕೇನು ಗೊತ್ತು? ಬಂಕಿನಲ್ಲಿ ಪೂರ್ತಿ ಇಳಿಸದೆ ವಾಪಸ್ ಬಂದ ಲಾರಿಗೆ ಲೆಕ್ಕದಷ್ಟೇ ಸುರಿದರೂ ಚೆಲ್ಲುತ್ತೆ. ಪೆಟ್ರೋಲು ಚೆಲ್ಲೋದು ಅಂದ್ರೆ ಒಂದು ಕಿಡಿಯ ದೂರ, ಅಲ್ವಾ?

ಈಗ ಕೆಳಗಿಂದ ತುಂಬುವ ಲಾರಿಗಳಲ್ಲಿ ಒಂದೊಂದು ಖಾನೆಯ ಮೇಲುಗಡೆಯೂ ಒಂದು ಸೆನ್ಸರ್. ಎಣ್ಣೆ ತಾಗಿದ ಕೂಡಲೇ ವಾಲ್ವು ಮುಚ್ಚಿಕೊಳ್ಳುತ್ತೆ. ಅರ್ಥಿಂಗ್ ತಂತಿ ಸಿಕ್ಕಿಸದಿದ್ದರೆ ತುಂಬೋದು ಶುರುವೇ ಆಗದಂತೆಯೂ ಕಟ್ಟುಮಾಡಿರುತ್ತಾರೆ. ನನಗೆ ಮಜಾ ಅನ್ನಿಸೋದು ಸೆನ್ಸರ್ ಕೂರಿಸುವ ಜಾಗ. ತೀರಾ ಅಂಚಿಗೆ ಇಡೋ ಹಾಗಿಲ್ಲ. ನಿಮಿಷಕ್ಕೆ 2 ಸಾವಿರ ಲೀಟರ್ ನುಗ್ಗುವಾಗ ವಾಲ್ವು ಒಂದು ಸೆಕೆಂಡ್ ತಡಮಾಡಿದರೂ 33 ಲೀಟರ್ ಒಳಗೆ ಹೋಗಿರುತ್ತೆ, ನಮ್ಮನೆ ದೊಡ್ಡ ಕೊಳದಪ್ಪಲೆಯಷ್ಟು! ಅದಕ್ಕೇ ಸ್ವಲ್ಪ ಕೆಳಗೇ ಇಟ್ಟು 'ಸಾಕು' ಅನ್ನಿಸೋದು.

ಹಾಲಿನ ಟ್ಯಾಂಕರಿನದು ಬೇರೆಯೇ ಪಜೀತಿ. ಒಳಗೆಲ್ಲ ತೊಳೆಯಬೇಕಾದ್ದರಿಂದ ಓಲಾಟ ತಡೆಯುವ ಅಡ್ಡತಟ್ಟೆ ಇಡೋದು ಕಡಿಮೆ. ಅರ್ಧಂಬರ್ಧ ತುಂಬಿದರೆ ತಿರುವಿನಲ್ಲಿ ಹಾಲು ಓಲಾಡಿ ಲಾರಿಯನ್ನೇ ಎಳೆದಾಡುತ್ತೆ. ತೀರಾ ತುಂಬಿದರೆ ನೊರೆ ಉಕ್ಕುತ್ತೆ. ಅತ್ತ ದರಿ ಇತ್ತ ಪುಲಿ.

ನೀರಿನ ಟ್ಯಾಂಕರ್ ವಿಷಯ ಕೇಳಲೇಬೇಡಿ. ರಸ್ತೆಗೆಲ್ಲ ಪುಕ್ಕಟೆ ಅಭಿಷೇಕ.

ಅಂದಹಾಗೆ, ಬಂಕಿನಲ್ಲಿ ನಮ್ಮ ಬೈಕಿಗೆ ಹಾಕುವ ನಾಜಲ್ಲೂ ಆ ಸೆನ್ಸರಿನ ಜಾತಿಯದೇ. ತುದಿಗೆ ಪೆಟ್ರೋಲು ತಾಗಿದರೆ ಟಕ್ ಅಂತ ತಾನೇ ನಿಲ್ಲುತ್ತೆ. ಆಮೇಲೂ ನಾವು, 'ಐನೂರಕ್ಕೆ ಸರಿಮಾಡಪ್ಪ, ಇನ್ನೊಂಚೂರು ಹಾಕು' ಅಂತೀವಿ. ಟಕ್ ಅಂದ ಮೇಲೆ ಸಾಕು ಅನ್ನಿ ಮಾರಾಯ್ರೆ, ಚಿಲ್ಲರೆ ಆಮೇಲೆ ನೋಡಿಕೊಂಡರಾಯಿತು.